ಕವರ್ ಅಂಗಡಿಯ ಚಾಚಾ ಎಲೆ ಹಚ್ಚಿದ್ದು

ನಮ್ಮ ಹೋಟೆಲು ರಾಮನಗರದಲ್ಲಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಇತ್ತು. ಹೋಟೆಲು ಅಂದರೆ ನಾಲ್ಕು ಬೆಂಚು, ಎರಡು ಒಲೆ, ಹೊಗೆ ಹಿಡಿದ ಗೋಡೆ, ಅಷ್ಟೇ. ಒಳಗೆ ಅಮ್ಮ ಇಡ್ಲಿ ಬೇಯಿಸುತ್ತಿದ್ದಳು, ಹೊರಗೆ ಅಪ್ಪ ಬಡಿಸುತ್ತಿದ್ದರು, ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೂತಿದ್ದ ನಾನು ಪಾರ್ಸಲ್ ಕಟ್ಟುತ್ತಿದ್ದೆ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಕಂಪನಿ ಬಸ್ಸುಗಳು ನಮ್ಮ ಎದುರಿಗೇ ಬಂದು ನಿಲ್ಲುತ್ತಿದ್ದವು. ಕೂತು ತಿನ್ನಲು ಯಾರಿಗೂ ಪುರುಸೊತ್ತಿಲ್ಲ. ಮೂರು ಇಡ್ಲಿ ಒಂದು ಕವರಿಗೆ, ಸಾಂಬಾರು ಇನ್ನೊಂದಕ್ಕೆ, ಚಟ್ನಿ ಮತ್ತೊಂದಕ್ಕೆ, ಮೂರನ್ನೂ ಸೇರಿಸಿ ದೊಡ್ಡದೊಂದು ಕವರಿಗೆ. ಸಾಂಬಾರಿನ ಕವರಿಗೆ ಒಂದೇ ಕೈಯಲ್ಲಿ ದಾರ ಸುತ್ತಿ ಗಂಟು ಬಿಗಿಯುವುದನ್ನು ಕಲಿತಿದ್ದೆ. ಡಿಗ್ರಿಯಲ್ಲಿ ಕಲಿತಿದ್ದಕ್ಕಿಂತ ಅದೇ ನನಗೆ ಹೆಮ್ಮೆಯ ವಿದ್ಯೆಯಾಗಿತ್ತು.

ಆ ಕವರುಗಳೆಲ್ಲ ಬರುತ್ತಿದ್ದದ್ದು ರಸ್ತೆಯಾಚೆಯ ಚಾಚಾ ಅಂಗಡಿಯಿಂದ. ಚಾಚಾ ಅಂತ ಕರೆಯುತ್ತಿದ್ದವಳು ನಾನು. ಅಪ್ಪನಿಗೆ ಅವರು ಸಾಬ್ರು, ಅವರಿಗೆ ಅಪ್ಪ ಗೌಡ್ರು. ಚಾಚಾ ಮೊದಲು ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರು. ಮೂವತ್ತು ವರ್ಷ ಅದನ್ನೇ ಮಾಡಿದ್ದರು. ಹೊರದೇಶದ ರೇಷ್ಮೆ ಬಂದು ನೂಲಿನ ಧಾರಣೆ ಬಿದ್ದಾಗ ಒಲೆ ಆರಿಸಿ, ಅದೇ ಜಾಗದಲ್ಲಿ ಕವರು, ಪೇಪರ್ ಪ್ಲೇಟು, ದಾರದ ಉಂಡೆ ಇಟ್ಟುಕೊಂಡು ಕೂತರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ದಿನಾ ಹನ್ನೊಂದು ಗಂಟೆಗೆ ಅವರು ರಸ್ತೆ ದಾಟಿ ಬಂದರೆ ಅಪ್ಪ ಒಂದು ಟೀಯನ್ನು ಎರಡು ಲೋಟಕ್ಕೆ ಹಾಕುತ್ತಿದ್ದರು. ಎರಡು ಟೀ ಮಾಡಲು ಹಾಲಿಗೇನೂ ಬರವಿರಲಿಲ್ಲ. ಹಂಚಿಕೊಂಡು ಕುಡಿಯುವುದೇ ಅವರಿಗೆ ರೂಢಿಯಾಗಿಬಿಟ್ಟಿತ್ತು.

ಒಂದು ದಿನ ಪುರಸಭೆಯ ಆಟೋ ಮೈಕು ಕಟ್ಟಿಕೊಂಡು ಬಂತು. ತೆಳು ಪ್ಲಾಸ್ಟಿಕ್ ಕವರು ಮಾರುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಗಿರಾಕಿಗೆ ಕೊಡುವಂತಿಲ್ಲ ಎಂದು ಕೂಗಿಕೊಂಡು ಹೋಯಿತು. ವಾರ ಕಳೆದ ಮೇಲೆ ಆರೋಗ್ಯ ನಿರೀಕ್ಷಕರು ತಳ್ಳುವ ಗಾಡಿಯೊಂದನ್ನು ಹಿಂದೆ ತಳ್ಳಿಸಿಕೊಂಡು ಬಂದರು. ಇಷ್ಟು ಮೈಕ್ರಾನ್‌ಗಿಂತ ಕಡಿಮೆ ಇರಬಾರದು ಎಂದು ಕೈಯಲ್ಲಿದ್ದ ಕಾಗದ ಓದಿದರು.

"ಮೈಕ್ರಾನ್ ಅಂದ್ರೆ ಏನ್ ಸ್ವಾಮಿ?" ಅಪ್ಪ ಕೇಳಿದರು.

"ದಪ್ಪ ಕಣ್ರೀ."

"ಅದುನ್ನ ಎಂಗೆ ಅಳೆಯಾದು?"

ನಿರೀಕ್ಷಕರು ಒಂದು ಕವರನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಅದನ್ನು ಅಪ್ಪನ ಮುಖದ ಮುಂದೆ ಹಿಡಿದರು. "ನನ್ ಕೈಗೂ ಗೊತ್ತಾಗಲ್ಲ ಗೌಡ್ರೇ. ಆದ್ರೆ ಇದ್ರೊಳಗಿಂದ ನಿಮ್ ಮೀಸೆ ಒಂದೊಂದು ಕೂದಲೂ ಕಾಣ್ತಾ ಐತೆ. ತೆಳು ಅಂತ ಬರ್ಕೊಳ್ಳನಾ?"

ಅಪ್ಪ ನಕ್ಕುಬಿಟ್ಟರು. ನಮ್ಮಿಂದ ಹೋದದ್ದು ನಾಲ್ಕೈದು ಕಟ್ಟು. ಚಾಚಾ ಅಂಗಡಿಯಿಂದ ಗಾಡಿಯೇ ತುಂಬಿಹೋಯಿತು. ಆ ಹೊತ್ತಿನಲ್ಲೂ ಚಾಚಾ ತಾವೇ ನಿಂತು ಕಟ್ಟುಗಳನ್ನು ಒಪ್ಪವಾಗಿ ಜೋಡಿಸುತ್ತಿದ್ದರು. "ಒಸಿ ಜ್ವಾಪಾನ, ಮೊಳೆ ಐತೆ ಅಲ್ಲಿ, ಕವರು ತೂತಾದಾವು" ಎಂದು ಗಾಡಿಯವನಿಗೆ ಹೇಳುತ್ತಿದ್ದರು. ಎಸೆಯಲು ಒಯ್ಯುವ ಕವರಿಗೆ ತೂತಾದರೇನು ಎಂದು ಗಾಡಿಯವನೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಸುತ್ತಲಿನ ಕೆಲವರು ಒಂದೆರಡು ಕಟ್ಟು ಅಟ್ಟದ ಮೇಲೆ ಬಚ್ಚಿಟ್ಟುಕೊಂಡಿದ್ದರು. ಅಪ್ಪ ಮಾತ್ರ ಇನ್ನು ಬೇಡವೆಂದರು. ಅದಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಚರಂಡಿ ಕಟ್ಟಿ, ಕೊಳಚೆ ನೀರು ಅಡುಗೆಮನೆಗೆ ನುಗ್ಗಿತ್ತು. ಅಪ್ಪ ಕೋಲು ಹಾಕಿ ಎಳೆದಾಗ ಬಂದದ್ದು ಕವರಿನ ದೊಡ್ಡ ಮುದ್ದೆ. ಅದರಲ್ಲಿ ಒಂದನ್ನು ಬಿಡಿಸಿ ನನ್ನ ಮುಂದೆ ಹಿಡಿದು, "ನಿನ್ ಗಂಟೇ ಕಣವ್ವ ಇದು" ಎಂದಿದ್ದರು. ಹೌದು, ನನ್ನದೇ. ದಾರ ಎರಡು ಸುತ್ತು ಎಡಕ್ಕೆ, ಒಂದು ಬಲಕ್ಕೆ. ನನಗೆ ಬಹಳ ನಾಚಿಕೆಯಾಗಿತ್ತು.

ಕವರಿಲ್ಲದ ಮೊದಲ ಬೆಳಿಗ್ಗೆ ಹೋಟೆಲಿನ ಮುಂದೆ ಸಂತೆಯೇ ಸೇರಿತ್ತು. ಇಡ್ಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆವು. ಸಾಂಬಾರಿಗೆ ಪಾತ್ರೆ ತನ್ನಿ ಎಂದೆವು. ಒಬ್ಬ ತನ್ನ ನೀರಿನ ಬಾಟಲಿ ಖಾಲಿ ಮಾಡಿ ಒಡ್ಡಿದ. ಅದರ ಬಾಯಿ ಸಣ್ಣದು, ನುಗ್ಗೇಕಾಯಿ ಒಳಗೆ ಹೋಗಲಿಲ್ಲ. ಬಟ್ಟೆ ಕಾರ್ಖಾನೆಯ ಹೆಂಗಸೊಬ್ಬಳು ಊಟದ ಡಬ್ಬಿಯ ಮುಚ್ಚಳಕ್ಕೇ ಚಟ್ನಿ ಹಾಕಿಸಿಕೊಂಡು, ಬಟ್ಟಲು ಹಿಡಿದ ಹಾಗೆ ಹಿಡಿದು ಬಸ್ಸು ಹತ್ತಿದಳು. ಇನ್ನೊಬ್ಬ ಮನೆಯಿಂದ ಹಿತ್ತಾಳೆ ಚೊಂಬನ್ನೇ ತಂದಿದ್ದ. ಮಾರನೆಯ ದಿನ ಆ ಚೊಂಬು ಬಸ್ಸಿನಲ್ಲಿ ಉರುಳಿತು. ಅದರ ಮಾರನೆಯ ದಿನ ಬಸ್ಸಿನ ಡ್ರೈವರು ಇಳಿದು ಬಂದು ಅಪ್ಪನ ಮುಂದೆ ನಿಂತ.

"ಗೌಡ್ರೇ, ನಿಮ್ ಸಾಂಬಾರ್ ರುಚಿ ಎಲ್ರಿಗೂ ಗೊತ್ತು. ಸೀಟಿಗೆ ಯಾಕ್ ತಿನ್ನಿಸ್ತೀರಾ? ಇನ್ ಮ್ಯಾಲೆ ಚೊಂಬು, ಲೋಟ ಹಿಡ್ಕಂಡೋರ್ನ ನಾನ್ ಹತ್ತುಸ್ಕಳಾಕಿಲ್ಲ."

ಆ ವಾರ ಅರ್ಧದಷ್ಟು ಇಡ್ಲಿ ಉಳಿದವು. ಬೆಳಿಗ್ಗೆಯ ಇಡ್ಲಿಯನ್ನೇ ಮಧ್ಯಾಹ್ನ ಪುಡಿ ಮಾಡಿ ಒಗ್ಗರಣೆ ಹಾಕಿ ನಾವೇ ತಿಂದೆವು. ಆದರೆ ಅಪ್ಪನನ್ನು ಕಾಡಿದ್ದು ಇಡ್ಲಿಯಲ್ಲ. ಹನ್ನೊಂದು ಗಂಟೆಗೆ ಚಾಚಾ ಬರುವುದು ನಿಂತುಹೋಗಿತ್ತು. ಖಾಲಿ ಅಂಗಡಿಯಲ್ಲಿ ಅವರು ಪೇಪರ್ ಪ್ಲೇಟುಗಳ ಧೂಳು ಹೊಡೆಯುತ್ತ ಕೂತಿರುವುದು ನಮಗೆ ಕಾಣುತ್ತಿತ್ತು. ಅಪ್ಪ ಟೀ ಲೋಟ ಹಿಡಿದು ಬಾಗಿಲ ತನಕ ಹೋಗಿ, ಏನೋ ನೆನಪಾದವರಂತೆ ಹಿಂದಕ್ಕೆ ಬರುತ್ತಿದ್ದರು.

"ಹೋಗಿ ಮಾತಾಡ್ಸಬಾರ್ದಾ?" ಅಮ್ಮ ಕೇಳಿದಳು.

"ಯಾವ್ ಮಕ ಇಟ್ಕಂಡು ಹೋಗ್ಲಿ? ಕವರ್ ಬ್ಯಾಡ ಅಂದೋರಲ್ಲಿ ನಾನೇ ಮೊದ್ಲು."

ಆರನೆಯ ದಿನ ಚಾಚಾ ತಾವೇ ಬಂದರು. ಬಂದವರು ಬೆಂಚಿನ ಮೇಲೆ ಕೂರದೆ ನಿಂತೇ ಇದ್ದರು.

"ಗೌಡ್ರೇ, ನನ್ ಮ್ಯಾಲೆ ಮುನಿಸ್ಕಂಡಿದ್ದೀರಾ?"

"ನಾನಾ? ನೀವ್ ಮುನಿಸ್ಕಂಡಿದ್ದೀರ ಅಂತ ನಾನು…"

"ನಾನ್ ಯಾಕ್ ಮುನಿಸ್ಕಳ್ಳಿ? ಚರಂಡಿ ಕಟ್ಟಿದ್ದು ನನ್ ಕವರಿಂದ, ಅದ್ಕೇ ನಿಮ್ಗೆ ಸಿಟ್ಟು ಬಂದೈತೆ ಅಂದ್ಕಂಡೆ."

ಒಳಗಿನಿಂದ ಅಮ್ಮ ಜೋರಾಗಿ ನಕ್ಕಿದ್ದು ಕೇಳಿಸಿತು. ಅವಳೇ ಟೀ ತಂದಳು. ಅವತ್ತು ಎರಡು ಪೂರ್ತಿ ಲೋಟ ತಂದಿದ್ದಳು. "ಇಬ್ರೂ ಕೂತ್ಕಂಡು ಕೇಳಿ" ಎಂದು ತಾನು ಯೋಚಿಸಿಟ್ಟಿದ್ದನ್ನು ಹೇಳಿದಳು. ಪಾರ್ಸಲಿಗೆ ಸಾಂಬಾರೇ ಬೇಡ. ಹುಚ್ಚೆಳ್ಳು ಹುರಿದು ಗಟ್ಟಿ ಚಟ್ನಿ ಅರೆದು, ಇಡ್ಲಿಯ ಮೇಲೆ ಸವರಿ, ಮುತ್ತುಗದ ಎಲೆಯಲ್ಲಿ ಮಡಚಿ ಕೊಡುವುದು. ತನ್ನ ತವರಿನಲ್ಲಿ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದದ್ದು ಹಾಗೆಯೇ.

"ಎಲೆ ಎಲ್ಲಿ ಸಿಗ್ತದೆ ಅಮ್ಮಾ?" ಚಾಚಾ ಕೇಳಿದರು.

ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಕನಕಪುರದಾಚೆ ಕೋಡಿಹಳ್ಳಿಯ ಹತ್ತಿರ ಇದ್ದರು. ಅತ್ತೆ ಮತ್ತು ಅಕ್ಕಪಕ್ಕದ ಹೆಂಗಸರು ಮುತ್ತುಗದ ಎಲೆ ಕೊಯ್ದು, ಕಡ್ಡಿ ಚುಚ್ಚಿ ಜೋಡಿಸಿ ಊಟದ ಎಲೆ ಮಾಡುತ್ತಿದ್ದರು. ಅದಕ್ಕೆ ನಮ್ಮ ಕಡೆ ಎಲೆ ಹಚ್ಚುವುದು ಎನ್ನುತ್ತಾರೆ. ಮದುವೆಗಳಿಗೆ ಪ್ಲಾಸ್ಟಿಕ್ ಹಾಳೆಯ ತಟ್ಟೆ ಬಂದ ಮೇಲೆ ಅವರ ಎಲೆಯನ್ನು ಕೇಳುವವರು ಕಡಿಮೆಯಾಗಿದ್ದರು. ಭಾನುವಾರ ನಾನು ಮತ್ತು ಚಾಚಾ ಬಸ್ಸು ಹತ್ತಿದೆವು. ಹೋಟೆಲು ಬಿಟ್ಟು ಬರಲು ಅಪ್ಪನಿಗೆ ಆಗುವಂತಿರಲಿಲ್ಲ.

ನನ್ನ ಅತ್ತೆಯ ಬಾಯಿ ಊರಿಗೇ ಗೊತ್ತು. ಕವರಿದ್ದ ಜಾಗದಲ್ಲಿ ಇನ್ನು ಎಲೆ ಇಟ್ಟು ಮಾರುತ್ತೇನೆಂದು ಚಾಚಾ ಹೇಳಿದ್ದನ್ನೆಲ್ಲ ಜಗುಲಿಯ ಮೇಲೆ ಕೂತು ಎಲೆ ಹಚ್ಚುತ್ತಲೇ ಕೇಳಿಸಿಕೊಂಡರು. ಆಮೇಲೆ ಅವರ ಅಂಗಿ, ಟೋಪಿ ನೋಡಿ, "ಸಾಬ್ರೇ, ಕವರ್ ಮಾರಿದ್ ಕೈಗೆ ಎಲೆ ಬೆಲೆ ಏನ್ ಗೊತ್ತಾದಾತು? ಒಂದ್ ಎಲೆ ಹಚ್ಚಿ ತೋರ್ಸಿ. ಆಮ್ಯಾಕ್ ಯಾಪಾರ" ಎಂದರು.

ನನಗೆ ಮುಜುಗರವಾಯಿತು. ಚಾಚಾ ಮಾತ್ರ ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಮೊದಲನೆಯ ಎಲೆ ನಡುವೆಯೇ ಸೀಳಿತು. ಸುತ್ತ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಎರಡನೆಯದನ್ನು ಹಿಡಿಯುವ ಮೊದಲು ಚಾಚಾ ಸುಮ್ಮನೆ ಅತ್ತೆಯ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಎಲೆಯ ಮೇಲೆ ಎಲೆ ಇಟ್ಟು, ಕೂದಲಷ್ಟು ಸಣ್ಣ ಕಡ್ಡಿಯನ್ನು ಒಳಕ್ಕೆ ಹಾಯಿಸಿ, ಹೊರಕ್ಕೆ ತೆಗೆದು, ಉಗುರಿನಿಂದ ಮುರಿದರು. ಮತ್ತೆ ಒಂದು, ಮತ್ತೆ ಒಂದು. ಕುದಿಯುವ ನೀರಿನಲ್ಲಿ ಕಣ್ಣಿಗೇ ಕಾಣದ ನೂಲಿನ ಎಳೆಯ ತುದಿಯನ್ನು ಹುಡುಕುತ್ತಿದ್ದ ಬೆರಳುಗಳು ಅವು. ಎಲೆಗೆ ಎಲ್ಲೂ ನೋವಾಗಲಿಲ್ಲ. ನಗುತ್ತಿದ್ದ ಹೆಂಗಸರು ಹತ್ತಿರ ಬಂದು ಬಗ್ಗಿ ನೋಡಿದರು.

ಅತ್ತೆ ಆ ಎಲೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. ಬೆಳಕು ಎಲ್ಲೂ ತೂರಲಿಲ್ಲ. ಇನ್ನೊಂದು ಸಲ ತಿರುಗಿಸಿ ನೋಡಿ ಕೆಳಗಿಟ್ಟರು.

"ಎಷ್ಟ್ ವರ್ಸ ಬಿಚ್ಚಿದ್ರಿ ನೂಲ್ನ?"

"ಮೂವತ್ತು."

"ಅದ್ಕೇ ಮತ್ತೆ" ಎಂದರು ಅತ್ತೆ. ಒಳಕ್ಕೆ ತಿರುಗಿ ಸೊಸೆಗೆ, "ಅಣ್ಣಂಗೆ ಒಸಿ ಮಜ್ಗೆ ತತ್ತಾರವ್ವ" ಎಂದು ಕೂಗಿದರು. ಸಾಬ್ರು ಅಣ್ಣನಾದದ್ದನ್ನು ಅಲ್ಲಿ ಯಾರೂ ದೊಡ್ಡದು ಮಾಡಲಿಲ್ಲ. ಚಾಚಾ ಮಾತ್ರ ಮಜ್ಜಿಗೆ ಕುಡಿಯುವಾಗ ಎರಡು ಸಲ ಕಣ್ಣು ಒರೆಸಿಕೊಂಡರು. ಮಜ್ಜಿಗೆಗೆ ಮೆಣಸಿನಕಾಯಿ ಜಾಸ್ತಿಯಾಗಿದೆ ಎಂದರು.

ಆ ದಿನವೇ ಮಾತಾಯಿತು. ಪಾರ್ಸಲಿಗೆಂದು ಅಂಗೈಯ ಎರಡರಷ್ಟು ಅಗಲದ ಚಿಕ್ಕ ಎಲೆ, ಊಟಕ್ಕೆ ದೊಡ್ಡದು. ಎರಡೂ ಕಟ್ಟು ಕಟ್ಟಾಗಿ ಬಸ್ಸಿನ ಟಾಪಿನ ಮೇಲೆ ಬರತೊಡಗಿದವು. ಒಣಗಿದ ಎಲೆ ಮಡಚಿದರೆ ಪಟ್ಟನೆ ಮುರಿಯುತ್ತದೆಂದು ಅಮ್ಮ ಹಿಂದಿನ ಸಂಜೆಯೇ ನೀರು ಚಿಮುಕಿಸಿ ಒದ್ದೆ ಗೋಣಿಚೀಲದಡಿ ಇಡುತ್ತಿದ್ದಳು. ಬೆಳಿಗ್ಗೆ ಬಿಸಿ ಇಡ್ಲಿ ಸೋಕಿದೊಡನೆ ಎಲೆಯ ವಾಸನೆ ರಸ್ತೆಯವರೆಗೂ ಹೋಗುತ್ತಿತ್ತು. ಹೊರಗೊಂದು ಪೇಪರು, ಅದಕ್ಕೆ ದಾರ. ಹಳೆಯ ಗಂಟು ಪೊಟ್ಟಣಕ್ಕೆ ಹೊಂದಲಿಲ್ಲ, ಹೊಸದೊಂದನ್ನು ಕಲಿತೆ.

ಮೊದಲ ದಿನ ಕೆಲವರು ಕಪ್ಪು ಚಟ್ನಿ ನೋಡಿ ಮೂಗು ಮುರಿದರು. ಸಾಂಬಾರಿಲ್ಲದ ಇಡ್ಲಿ ಒಂದು ಇಡ್ಲಿಯೇ ಎಂದು ಬೈದವನೂ ಇದ್ದ. ಆದರೆ ಕಾರ್ಖಾನೆಗಳಲ್ಲಿ ಹಳ್ಳಿಗಳಿಂದ ಬಂದವರೇ ಹೆಚ್ಚು. ಮಾಗಡಿ ಕಡೆಯ ಹುಡುಗಿಯೊಬ್ಬಳು ಮೂರನೆಯ ದಿನ ಬಂದು, "ನಮ್ಮಜ್ಜಿ ಮಾಡ್ತಿದ್ದಂಗೇ ಐತೆ ಕಣಕ್ಕ, ಇನ್ನೆರಡು ಕಟ್ಟು" ಎಂದಳು. ತಿಂಗಳು ಕಳೆಯುವುದರೊಳಗೆ ಇಡ್ಲಿ ಉಳಿಯುವುದು ನಿಂತಿತು. ಡ್ರೈವರು ಬಸ್ಸನ್ನು ನಿಲ್ಲಿಸಿಕೊಂಡು ತಾನೇ ಮೊದಲ ಪೊಟ್ಟಣ ಒಯ್ಯತೊಡಗಿದ. ಸ್ಟೀರಿಂಗ್ ಹಿಡಿದುಕೊಂಡೇ ತಿನ್ನಬಹುದು, ಒಂದು ತೊಟ್ಟೂ ಚೆಲ್ಲುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ.

ಪುರಸಭೆಯ ಬಿಗಿ ಬಹಳ ಕಾಲ ಉಳಿಯಲಿಲ್ಲ. ಆರೇಳು ತಿಂಗಳಿಗೆ ತೆಳು ಕವರುಗಳು ಒಂದೊಂದೇ ಅಂಗಡಿಗೆ ಮೆಲ್ಲಗೆ ವಾಪಸ್ಸು ಬಂದವು. ಕವರು ತಯಾರಿಸುವವರು ಚಾಚಾ ಅಂಗಡಿಗೂ ಬಂದು ಕೇಳಿದರಂತೆ. ಅಷ್ಟು ಹೊತ್ತಿಗೆ ಕವರು ಇಡಲು ಅಲ್ಲಿ ಜಾಗವೇ ಇರಲಿಲ್ಲ. ಎಲೆಯ ಕಟ್ಟುಗಳು ಸೂರಿನವರೆಗೂ ಏರಿದ್ದವು. ಚನ್ನಪಟ್ಟಣದ ಮದುವೆ ಮನೆಗಳಿಂದಲೂ ಎಲೆ ಕೇಳಿಕೊಂಡು ಬರುತ್ತಿದ್ದರು. ಕೋಡಿಹಳ್ಳಿ ಕಡೆ ಎಲೆ ಹಚ್ಚುವುದನ್ನು ಬಿಟ್ಟಿದ್ದ ಮನೆಗಳವರು ಮತ್ತೆ ಜಗುಲಿಗೆ ಬಂದು ಕೂತರು.

ಒಂದು ದಿನ ಅತ್ತೆ ಯಾರಿಗೂ ಹೇಳದೆ, ಎಲೆ ಬರುವ ಬಸ್ಸಿನಲ್ಲೇ ಬಂದಿಳಿದರು. ತಮ್ಮನ ಹೋಟೆಲಿಗೆ ಬರುವ ಮೊದಲು ನೇರ ಚಾಚಾ ಅಂಗಡಿಗೆ ಹೋದರು. ಚಾಚಾ ಎದ್ದು ತಮ್ಮ ಕುರ್ಚಿ ಕೊಟ್ಟರು. ಅತ್ತೆ ಕೂತು ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿರುವಾಗ ಗಿರಾಕಿಯೊಬ್ಬರು ಬಂದು, ಎಲೆ ಒಸಿ ಚಿಕ್ಕದಾಯಿತಲ್ಲ ಎಂದು ಗೊಣಗಿದರು.

"ಚಿಕ್ದಾ? ನೀವ್ ಒಂದ್ ಎಲೆ ಹಚ್ಚಿ ತೋರ್ಸಿ ಸ್ವಾಮಿ, ಆಮ್ಯಾಕ್ ಮಾತಾಡಾನ" ಎಂದು ಅತ್ತೆ ಅವರ ಮುಂದೆ ಕಡ್ಡಿ ಚಾಚಿದರು.

ಆ ಗಿರಾಕಿ ಎಲೆ ಹಚ್ಚಲಿಲ್ಲ, ಎರಡು ಕಟ್ಟು ಕೊಂಡು ಹೋದರು. ಚಾಚಾ ರಸ್ತೆ ದಾಟಿ ಬಂದು ಅದನ್ನು ಅಪ್ಪನಿಗೆ ಅಭಿನಯ ಮಾಡಿ ತೋರಿಸಿದರು. ಅಪ್ಪ ನಗುತ್ತಲೇ ಅಕ್ಕನನ್ನು ಊಟಕ್ಕೆ ಕರೆಯಲು ಹೊರಟರು.