ಕೆಮ್ಮಿಲ್ಲದ ಕ್ಷಯ

ರೋಣದ ನಮ್ಮ ಮನೆಗೆ ಆ ದಿನವೂ ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ನೆರೆಮನೆಯ ಕಾಕೂ ಬಂದರು. ಹುಟ್ಟುವಾಗ ಅವರ ಕಾಲು ಮೊದಲು ಹೊರಬಂದಿತ್ತಂತೆ. ಅಂಥವರು ಪಾದ ತಾಗಿಸಿದರೆ ಬೆನ್ನಿನ ಉಳುಕು ಹೋಗುತ್ತದೆ ಎಂದು ಊರೆಲ್ಲ ನಂಬಿತ್ತು. ಬಹಳ ದಿನದಿಂದ ಬೆನ್ನುನೋವೆನ್ನುತ್ತಿದ್ದ ನನ್ನ ನಾದಿನಿ ಬೋರಲು ಮಲಗಿದಳು. ಕಾಕೂ ಸೆರಗಿನಿಂದ ಅಂಗಾಲು ಒರೆಸಿಕೊಂಡು ಮೆಲ್ಲಗೇ ಪಾದವಿಟ್ಟರೂ ಹುಡುಗಿ ಚೀರಿದಳು.

ಅವತ್ತೇ ಅವಳನ್ನು ಬಸ್ಸಿನಲ್ಲಿ ಗದಗಿನ ಡಾಕ್ಟರರ ಬಳಿ ಕರೆದೊಯ್ದೆವು. ಬೆನ್ನ ಮೇಲೆ ಇಳಿಯುತ್ತಿದ್ದ ಅವರ ಬೆರಳು ಉಬ್ಬಿದ ಒಂದು ಎಲುಬಿನ ಬಳಿ ನಿಂತಿತು. ಎಕ್ಸ್‌ರೇ ನೋಡಿ, "ಎಲುಬಿನ ಕ್ಷಯ. ಇಂಜೆಕ್ಷನ್ ತಗೊಂಡು, ಹಲಗಿ ಮ್ಯಾಲೆ ತಿಂಗಳಗಟ್ಟಲೆ ಅಲುಗಾಡದಂಗ ಮಲಗಿದ್ರ ಮತ್ತ ನಡೀತಾಳ," ಎಂದರು.

"ಇಕಿಗೆ ಕೆಮ್ಮೇ ಇಲ್ಲಲ್ರಿ!" ಎಂದೆ.

"ಕ್ಷಯ ಎದಿಗಷ್ಟ ಬರ್ತೈತಂತ ಯಾರ್ ಹೇಳ್ಯಾರ, ಬಾಯಾರ?"

ಆ ರೋಗದ ಹೆಸರು ಕೇಳಿದರೆ ಇನ್ನು ಯಾರೂ ತನ್ನ ಹತ್ತಿರ ಸುಳಿಯುವುದಿಲ್ಲ ಎಂದು ನಾದಿನಿ ದಾರಿಯುದ್ದಕ್ಕೂ ಅತ್ತಳು. ಸಂಜೆ ಕಾಕೂ ಬಾಗಿಲಿಗೆ ಬಂದಾಗ ಮುಚ್ಚಿಡದೆ ಎಲ್ಲ ಹೇಳಿದೆ. ಅವರೊಮ್ಮೆ ತಮ್ಮ ಪಾದ ನೋಡಿಕೊಂಡರು. ಆಮೇಲೆ ಒಳಗೆ ಬಂದು, ಅವಳನ್ನು ಮಲಗಿಸಿದ್ದ ಹಲಗೆಯ ಮಗ್ಗುಲಲ್ಲಿ ಕೂತು, ಹುಡುಗಿಯ ಜಡೆ ಮುಟ್ಟಿ ನೋಡಿದರು.

"ಮಲಗೇ ಇದ್ರ ಕೂದಲಾ ಗಂಟು ಕಟ್ಟತಾವ. ನಾಳಿ ಎಣ್ಣಿ ಕಾಸಿ ಇಡವಾ, ನಾನ ಬಂದು ಹೆಣೀತೀನಿ."