ನೆಂಟರ ಡಬ್ಬಿ

ಹಿರಿಯೂರಿನ ನಮ್ಮ ಮನೆಯಲ್ಲಿ ರುಚಿಯಾದದ್ದು ತಿನ್ನಬೇಕೆಂದರೆ ಎರಡೇ ದಾರಿ: ನೆಂಟರಾಗಿ ಬರಬೇಕು, ಇಲ್ಲವೇ ಸತ್ತು ಹಿರಿಯರ ಹಬ್ಬದ ಎಡೆಗೆ ಕೂರಬೇಕು. ಬದುಕಿದ್ದು ಮನೆಯಲ್ಲೇ ಬಿದ್ದಿರುವವರಿಗೆ ಮುದ್ದೆ, ಸೊಪ್ಪಿನ ಸಾರು. ಇದು ಅವ್ವನ ಕಾನೂನು.

ಒಂದು ರಂಜಾನಿಗೆ ದುಬೈಯಿಂದ ಬಂದ ಪಕ್ಕದ ಮನೆ ಚಾಚಿಯ ಮಗ ನಮಗೆ ಮೂರು ಡಬ್ಬಿ ಕೊಟ್ಟ. ಒಂದರಲ್ಲಿ ಅನಾನಸ್, ಒಂದರಲ್ಲಿ ಗಟ್ಟಿ ಹಾಲು, ಇನ್ನೊಂದರಲ್ಲಿ ಮೆಕ್ಕೆಜೋಳದ ಕಾಳು. ಹೊಳಲ್ಕೆರೆ ರಸ್ತೆಯುದ್ದಕ್ಕೂ ಮೆಕ್ಕೆಜೋಳ ಒಣಹಾಕುವ ಸೀಮೆಗೆ ಮೆಕ್ಕೆಜೋಳ ವಿಮಾನದಲ್ಲಿ ಬಂತು. ಅವ್ವ ಮೂರನ್ನೂ ಅಡುಗೆಮನೆಯ ನಾಗಂದಿಗೆಯ ಮೇಲೆ, ಚಿತ್ರ ಕಾಣುವ ಹಾಗೆ ಜೋಡಿಸಿದಳು. ಶುಕ್ರವಾರ ಒರೆಸುತ್ತಿದ್ದಳು. ಆಯುಧಪೂಜೆಗೆ ಮಿಕ್ಸಿಯ ಜೊತೆ ಅವಕ್ಕೂ ಕುಂಕುಮ ಬಿತ್ತು.

ಅಪ್ಪನ ಕಣ್ಣು ಅನಾನಸ್ ಮೇಲೆ. ಮುದ್ದೆ ನುಂಗುವಾಗಲೂ ಅದನ್ನೇ ನೋಡುತ್ತಿದ್ದ.

"ಒಂದು ಬಿಲ್ಲೆ ಕೊಟ್ರೆ ನಿನ್ ಗಂಟೇನು ಹೋಗ್ತೈತೆ?"

"ನೆಂಟರಿಗೆ ಇಟ್ಟೀನಿ. ಮನೇರಿಗೆಲ್ಲ ಡಬ್ಬಿ ಬಿಚ್ಚಕಾಗುತ್ತಾ?"

ನೆಂಟರೇನೋ ಬಂದರು. ಆದಿವಾಲದಿಂದ ಇಬ್ಬರು ಬಂದಾಗ, ಬಿಚ್ಚಿದರೆ ಉಳಿದದ್ದು ಕೆಡುತ್ತದೆ ಎಂದಳು. ಯಲ್ಲದಕೆರೆಯ ಸೋದರಮಾವ ಸಂಸಾರ ಸಮೇತ ಬಂದಾಗ, ಅಷ್ಟು ಜನಕ್ಕೆ ಸಾಲುವುದಿಲ್ಲ ಎಂದಳು. ಎರಡು ಸಲವೂ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬೋಂಡವೇ ಮರ್ಯಾದೆ ಕಾಪಾಡಿದವು. ಎಷ್ಟು ಜನ ಬಂದರೆ ಡಬ್ಬಿ ಬಿಚ್ಚಬಹುದು ಎಂಬುದು ಅವ್ವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಹಾಲಿನ ಅವಧಿ ಮುಗಿಯಿತು. ಮೆಕ್ಕೆಜೋಳದ ಡಬ್ಬಿ ಕೆನ್ನೆ ಊದಿಸಿಕೊಂಡು ಕೂತಿತು. ಎರಡನ್ನೂ ಅಪ್ಪ ಹಿತ್ತಿಲಿನ ನುಗ್ಗೆಮರದಡಿ ಹೂತು, ಮಣ್ಣು ಮಾಡಿ ಬಂದವನಂತೆ ಸ್ನಾನ ಮಾಡಿದ. ಸುದ್ದಿ ಕೇಳಿ ಚಾಚಿ ಹಣೆ ಚಚ್ಚಿಕೊಂಡಳು. "ತಿನ್ನಾಕೆ ಕೊಟ್ಟಿದ್ದಮ್ಮ, ಪೂಜೆ ಮಾಡಾಕಲ್ಲ."

ಉಳಿದದ್ದು ಅನಾನಸ್ ಒಂದೇ. ಅದರ ತಳದ ಸಣ್ಣಕ್ಷರವನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ: ಈ ತಿಂಗಳೇ ಕೊನೆ. ಅವ್ವ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಮತ್ತೆ ಮೇಲಿಟ್ಟಳು.

ಆ ಭಾನುವಾರ ಅಪ್ಪ ಬಿಳಿ ಪಂಚೆ ಉಟ್ಟು, ಮದುವೆಗೆ ಹೊದೆಯುವ ಶಲ್ಯ ಹೊದ್ದು, ಚೀಲದಲ್ಲಿ ಬಾಳೆಹಣ್ಣು ಹಾಕಿಕೊಂಡು ಹಿತ್ತಿಲ ಬಾಗಿಲಿಂದ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮುಂಬಾಗಿಲು ಬಡಿದ ಸದ್ದಾಯಿತು.

"ಮನೇಲಿ ಯಾರಾನಾ ಅದೀರೇನಮ್ಮ?"

ಬಾಗಿಲಿಗೆ ಯಾರು ಬಂದರೂ ಮೊದಲು ನೀರು, ಆಮೇಲೆ ಮಾತು. ಇದೂ ಅವ್ವನದೇ ಕಾನೂನು. ಮುಖ ನೋಡುವ ಮುಂಚೆಯೇ ನೀರಿನ ಚೊಂಬು ಚಾಚಿ, "ಬರ್ರಿ, ಕುಂತ್ಕಳ್ರಿ" ಅಂದುಬಿಟ್ಟಳು. ನೀರು ಕೊಟ್ಟ ಮೇಲೆ ನೆಂಟನಲ್ಲ ಎನ್ನುವ ಹಾಗಿಲ್ಲ. ಅಪ್ಪ ಗಟಗಟ ಕುಡಿದು, ನೆಂಟರ ಕುರ್ಚಿಯಲ್ಲಿ ಕೂತ.

"ಒಬ್ಬನೇ ಬಂದೀನಿ. ಆದ್ರೆ ಡಬ್ಬಿ ಪೂರ್ತಿ ಖಾಲಿ ಮಾಡೋ ಹೊಟ್ಟೆ ಐತೆ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಚೊಂಬಿನ ಸಮೇತ ಒಳಗೆ ಹೋದಳು. ಡಬ್ಬಿ ಇಳಿಯಿತು. ಬಿಚ್ಚುವ ಸಾಮಾನು ನಮ್ಮಲ್ಲಿರಲಿಲ್ಲ. ಉಳಿ ಇಟ್ಟು ಗುಂಡುಕಲ್ಲಿನಿಂದ ಹೊಡೆದೆವು. ಪಾಕ ಅಪ್ಪನ ಶಲ್ಯಕ್ಕೆ ಹಾರಿತು. ಮೊದಲ ಬಿಲ್ಲೆಯನ್ನು ಅಪ್ಪ ಕಣ್ಣು ಮುಚ್ಚಿ ಅಗಿದ.

"ಹೆಂಗೈತೆ?" ಅಂದೆ.

"ಸಕ್ಕರೆ ನೀರಾಗೆ ನೆನೆಸಿದ ಸೋರೆಕಾಯಿ" ಎಂದು ಎರಡನೆಯದಕ್ಕೆ ಕೈಹಾಕಿದ. ಆಮೇಲೆ ತಟ್ಟೆಯನ್ನು ಅವ್ವನ ಮುಂದೆ ಹಿಡಿದ. "ತಗಾ."

ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ್ರಿ. ನಾನೇನ್ ನೆಂಟ್ರಾ?"

ತಮಾಷೆಗೆ ಹೇಳಿದ್ದಲ್ಲ. ನಮಗೆ ಕೊಡದಿದ್ದುದನ್ನೇ ನಾವು ಆಡಿಕೊಂಡು ನಕ್ಕಿದ್ದೆವು. ತಾನೂ ತಿನ್ನುವವಳು ಎಂಬುದು ಅವಳ ತಲೆಗೇ ಬಂದಿರಲಿಲ್ಲ.

ಅಪ್ಪ ತಟ್ಟೆ ಕೆಳಗಿಟ್ಟ. ಬಾಳೆಹಣ್ಣಿನ ಚೀಲವನ್ನು ಅವಳ ಕೈಗೆ ತುರುಕಿದ.

"ಹಂಗಾರೆ ಹೊರಗೆ ಹೋಗಿ ಬಾಗ್ಲು ಬಡಿ."

ಬೈಯುತ್ತಲೇ ಹೋದಳು. ಬಾಗಿಲು ಹಾಕಿಕೊಂಡಿತು, ಮೆಲ್ಲಗೆ ಬಡಿದ ಸದ್ದಾಯಿತು. ಅಪ್ಪ ನೀರು ತರಲು ಅಡುಗೆಮನೆಗೆ ನುಗ್ಗಿದ. ಪಾತ್ರೆಗಳನ್ನೆಲ್ಲ ಉರುಳಿಸಿದ ಸದ್ದು ಬಂತು.

"ಲೇ, ಚೊಂಬು ಎಲ್ಲಿರ್ತೈತೆ?"

"ಒಲೆ ಪಕ್ಕದ ಗೂಡಿನಾಗೆ ನೋಡ್ರಿ" ಎಂದಳು ನೆಂಟರಾಕೆ, ಬಾಗಿಲಾಚೆಯಿಂದಲೇ.