ಹುಳದ ಮನೆಗೆ ನುಗ್ಗಿದ ಕಾರಿನ ವಾಸನೆ

ಸೊಪ್ಪು ಹಾಕುತ್ತಿದ್ದ ನನ್ನ ಮೂಗಿಗೆ ಪೆಟ್ರೋಲಿನಂಥ ವಾಸನೆ ಗಪ್ಪನೆ ಬಡಿಯಿತು. ಪೊರೆ ಬಿಡುವ ಮುಂಚಿನ ನಿದ್ದೆಯಾದ ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು, ಚರಚರ ಮೇಯುತ್ತಿದ್ದ ರೇಷ್ಮೆ ಹುಳಗಳು ತಲೆಯೆತ್ತಿ ಸುಮ್ಮನಾದವು.

ಸೊಪ್ಪಿನ ಮಂಕರಿ ಬಿಸಾಕಿ ಹೊರಗೆ ಓಡಿದೆ. ಅಂಗಳದಲ್ಲಿ ಮೈದುನ ಕಾರಿನ ಬಾನೆಟ್ ಎತ್ತಿ, ಹೊಗೆಯನ್ನು ಇಂಜಿನ್ನಿಗೇ ತಿರುಗಿಸುವ ಇಜಿಆರ್ ವಾಲ್ವ್ ಬಿಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಮೊಬೈಲಿನ ವಿಡಿಯೋ ಓಡುತ್ತಿತ್ತು. ವಾಲ್ವಿನ ಮಸಿಗೆ ಕ್ಲೀನರ್ ಡಬ್ಬಿಯಿಂದ ಪುಸ್ ಪುಸ್ ಎಂದು ಹೊಡೆಯುತ್ತಿದ್ದ. ಗಾಳಿ ನೇರ ಹುಳದ ಮನೆಯ ಕಿಟಕಿಗೇ ಬೀಸುತ್ತಿತ್ತು.

“ಲೋ, ನಿಲ್ಸೋ! ಹುಳದ ಮನೆ ಮುಂದೆ ನಾವು ಒಗ್ಗರಣೇನೂ ಹಾಕಾಕಿಲ್ಲ, ನೀನು ಇದ್ನ ಹೊಡೀತಾ ಕೂತಿದ್ದೀಯಲ್ಲೋ!”

“ಒಸಿ ಮಸಿ ತೆಗೀತಿದ್ದೆ ಅಷ್ಟೇ ಅತ್ಗೆಮ್ಮ” ಎಂದವನ ಮುಖ ಅಷ್ಟರಲ್ಲೇ ಬಿಳಿಚಿಕೊಂಡಿತ್ತು.

ವಾಲ್ವ್ ಬಿಚ್ಚಿದ ಕಾರನ್ನು ಸ್ಟಾರ್ಟ್ ಮಾಡುವಂತಿರಲಿಲ್ಲ. ಇಬ್ಬರೂ ಸೇರಿ ರಸ್ತೆಯ ತನಕ ತಳ್ಳಿದೆವು. ನಾನು ಒಳಗೆ ಬಂದು ಅಂಗಳದ ಕಡೆಯ ಕಿಟಕಿ ಮುಚ್ಚಿ, ಹಿಂದಿನದನ್ನು ತೆರೆದು, ಹೊಸ ಸೊಪ್ಪು ಹರಡಿದೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಂದು ತಟ್ಟೆ ನೋಡುವುದು, ಇನ್ನೊಂದಕ್ಕೆ ಓಡುವುದು. ಎಷ್ಟೋ ಹೊತ್ತಿನ ಮೇಲೆ ಮೂಲೆಯ ತಟ್ಟೆಯಲ್ಲಿ ಮತ್ತೆ ಚರಚರ ಶುರುವಾಯಿತು. ಅಲ್ಲೇ ಕುಸಿದು ಕೂತೆ.

ಆ ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದು ಅದೇ ಕಾರಿನಲ್ಲಿ. ದಾರಿಯುದ್ದಕ್ಕೂ ಮೈದುನ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಹಿಗ್ಗುತ್ತಿದ್ದ. ನಾನು ಮಾತ್ರ ಗೂಡಿನ ಚೀಲದ ಬಾಯಿಗೆ ಮೂಗಿಟ್ಟು ಮೂಸುತ್ತಲೇ ಇದ್ದೆ.